ಪದ ಬಿಟ್ಟು ಅರ್ಥ ಹೇಳ್ಬೇಡಿ: ಅನಿಮೆ ಪಾತ್ರಗಳಿಗೆ ಫ್ರಾಯ್ಡ್ ಹಚ್ಚೋದು ಹೇಗೆ

ಶಿವಮೊಗ್ಗದಲ್ಲಿ ಡಿಗ್ರಿ ಓದೋವಾಗ ಒಂದು ಸೆಮಿನಾರ್‌ಗೆ ಅಂತ ಇವ್ಯಾಂಜೆಲಿಯನ್ ಅನ್ನೋ ಜಪಾನಿ ಅನಿಮೆ ಸೀರೀಸಲ್ಲಿ ರೋಬೋ ಓಡಿಸೋ ಹುಡುಗ ಶಿಂಜಿ ಮೇಲೆ ಹತ್ತು ಸ್ಲೈಡ್ ಮಾಡ್ಕೊಂಡು ಹೋಗಿದ್ದೆ, ಮೊದಲನೇ ಸ್ಲೈಡಲ್ಲೇ ದಪ್ಪಕ್ಷರದಲ್ಲಿ, ಮನೋವಿಶ್ಲೇಷಣೆ ಶುರು ಮಾಡಿದ ವಿಯೆನ್ನಾದ ಡಾಕ್ಟ್ರು ಸಿಗ್ಮಂಡ್ ಫ್ರಾಯ್ಡ್ ಹೇಳಿದ ಈಡಿಪಸ್ ಕಾಂಪ್ಲೆಕ್ಸ್ (ಮಗನಿಗೆ ಅಮ್ಮನ ಮೇಲೆ ಆಸೆ, ಅಪ್ಪನ ಜೊತೆ ಪೈಪೋಟಿ), ಆಮೇಲೆ ಇಡ್, ಈಗೋ, ಸೂಪರ್ ಈಗೋ ಅಂತ ಮೂರು ಬಾಕ್ಸು, ಒಂದೊಂದು ಬಾಕ್ಸಿಗೆ ಒಂದೊಂದು ಮುಖ ಅಂಟ್ಸಿ ಮುಗಿಸ್ಬಿಟ್ಟಿದ್ದೆ. ಚಪ್ಪಾಳೆನೂ ಬಿತ್ತು. ಆ ವಾರ ಊರಿಗೆ ಹೋದಾಗ, ನಮ್ಮೂರು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರೀಲಿ, ಮಳೆ ಹೊಡೀತಿತ್ತು, ಕರೆಂಟ್ ಇರ್ಲಿಲ್ಲ, ಮಾಡೋಕೆ ಬೇರೆ ಕೆಲಸ ಇಲ್ದೆ ಅದನ್ನೆಲ್ಲ ಅಜ್ಜಂಗೆ ಕಥೆ ಥರ ಹೇಳ್ದೆ. ನಮ್ಮಜ್ಜ ತಾಳಮದ್ದಳೆ ಅರ್ಥಧಾರಿ. ಪೂರ್ತಿ ಕೇಳಿಸ್ಕೊಂಡ್ರು, ಎಲೆಗೆ ಸುಣ್ಣ ಹಚ್ತಾ ಒಂದೇ ಪ್ರಶ್ನೆ ಕೇಳಿದ್ರು: "ಅದೆಲ್ಲ ಸರಿ ತಮ್ಮಾ, ಪದದಲ್ಲಿ ಎಲ್ಲಿದೆ ಅದು?"

ನನ್ನ ಹತ್ರ ಉತ್ತರ ಇರ್ಲಿಲ್ಲ.

ತಾಳಮದ್ದಳೆ ಕೇಳಿದೋರಿಗೆ ಗೊತ್ತಿರತ್ತೆ, ಭಾಗವತ್ರು ಯಕ್ಷಗಾನದ ಪದ, ಅಂದ್ರೆ ಹಾಡು, ಹೇಳ್ತಾರೆ, ಅರ್ಥಧಾರಿ ವೇಷ ಗೀಷ ಏನೂ ಇಲ್ದೆ ಕೂತಲ್ಲೇ ಆ ಪಾತ್ರದ ಮನಸ್ಸನ್ನ ಬಿಡಿಸ್ತಾ ಹೋಗ್ತಾರೆ, ಕೃಷ್ಣ ಬಂದು ನೀನು ಕುಂತಿ ಮಗ ಅಂದಾಗ ಕರ್ಣ ಬಾಯಿ ತೆಗೆಯೋಕೆ ಮುಂಚೆ ಎಷ್ಟೊತ್ತು ಸುಮ್ನಿರ್ತಾನೆ ಅನ್ನೋದ್ರಲ್ಲೇ ಅರ್ಧ ಅರ್ಥ ಇರತ್ತೆ. ಎಷ್ಟು ಬೇಕಾದ್ರೂ ಬೆಳೆಸ್ಬಹುದು, ಆದ್ರೆ ಪದ ಬಿಟ್ಟು ಆಚೆ ಹೋದ್ರೆ ಎದುರಿಗೆ ಕೂತವ್ರು ಅಲ್ಲೇ ಹಿಡ್ಕೊಂಡ್ಬಿಡ್ತಾರೆ. ಈಗ ನಾನು ಫ್ರಾಯ್ಡ್‌ನ ಬಳಸೋದೂ ಇದೇ ಲೆಕ್ಕದಲ್ಲಿ. ಸ್ಕ್ರೀನ್ ಮೇಲೆ ಬಂದಿದ್ದು ಪದ, ಫ್ರಾಯ್ಡ್ ಇಟ್ಕೊಂಡು ನಾವು ಹೇಳೋದು ಅರ್ಥ. ಅಂದಹಾಗೆ ಮುಂದೆ ಡೆತ್ ನೋಟ್, ಫುಲ್‌ಮೆಟಲ್ ಆಲ್ಕೆಮಿಸ್ಟ್ ಬ್ರದರ್‌ಹುಡ್, ನರುಟೊ ಮೂರರದ್ದೂ ಸ್ಪಾಯ್ಲರ್ ಇದೆ, ನೋಡಿಲ್ದಿದ್ರೆ ನೋಡ್ಕೊಂಡು ಬನ್ನಿ.

ಮೊದಲು ಈ ಶಬ್ದಗಳ ಗಲಾಟೆ ಮುಗಿಸೋಣ. ಇಡ್, ಈಗೋ ಅಂದ ಕೂಡ್ಲೇ ನಮಗೆ ಏನೋ ದೊಡ್ಡ ಮೆಡಿಕಲ್ ಪದ ಅನ್ಸತ್ತೆ, ಅದ್ರಲ್ಲೂ "ಅವನಿಗೆ ಈಗೋ ಜಾಸ್ತಿ" ಅಂದ್ರೆ ಜಂಬ ಅಂತಲೇ ನಮ್ಮಲ್ಲಿ ಅರ್ಥ. ಫ್ರಾಯ್ಡ್ 1923ರಲ್ಲಿ ಈ ಮೂರನ್ನ ವಿವರಿಸಿ ಪುಸ್ತಕ ಬರೆದಾಗ ಜರ್ಮನ್‌ನಲ್ಲಿ ಬಳಸಿದ್ದು ತೀರಾ ಮನೆಮಾತು, 'ಅದು' ಮತ್ತು 'ನಾನು', ಮೂರನೇದು 'ಮೇಲಿನ ನಾನು' ಅನ್ನೋ ಥರ. ಇಂಗ್ಲಿಷಿಗೆ ತರೋವಾಗ ಲ್ಯಾಟಿನ್ ಹಾಕಿ ಭಾರ ಮಾಡಿದ್ರು. ನಮಗಂತೂ ಇದು ತುಂಬಾ ಸಲೀಸು ಮಾರಾಯ, ಕನ್ನಡದಲ್ಲಿ ನಾವು ಸಿಟ್ಟು 'ಮಾಡ್ಕೊಂಡೆ' ಅನ್ನೋದಕ್ಕಿಂತ ಹೆಚ್ಚಾಗಿ ನಂಗೆ ಸಿಟ್ಟು 'ಬಂತು' ಅಂತೀವಿ, ಎಲ್ಲಿಂದಲೋ ಬಂತು, ನಾನು ಕರೆದಿದ್ದಲ್ಲ. ಆ ಬಂದಿದ್ದು 'ಅದು'. ಬಂದಿದ್ದನ್ನ ಸಂಭಾಳಿಸೋದು 'ನಾನು'. ನಾಚಿಕೆ ಆಗಲ್ವಾ ನಿಂಗೆ ಅಂತ ಒಳಗಿಂದ ಬೈಯೋದು 'ಮೇಲಿನ ನಾನು', ಅದರ ದನಿ ಸಾಮಾನ್ಯವಾಗಿ ಅಪ್ಪಂದೋ ಅಮ್ಮಂದೋ ಇರತ್ತೆ.

ಇಲ್ಲೇ ಎಲ್ರೂ ಮಾಡೋ ಒಂದು ತಪ್ಪಿದೆ, ನಾನೂ ಮಾಡಿದ್ದೆ. ನೊಬಿತ ಇಡ್, ಡೊರೆಮಾನ್ ಈಗೋ, ಅವನಮ್ಮ ಸೂಪರ್ ಈಗೋ ಅಂತ ಮೂರು ಜನಕ್ಕೆ ಮೂರು ಲೇಬಲ್ ಹಂಚಿ ಕೈ ತೊಳ್ಕೊಳೋದು. ಈ ಮೂರೂ ಒಬ್ಬನೊಳಗೇ ಜಗಳ ಆಡೋವು, ಅಡಿಕೆ ತೋಟ ಪಾಲು ಮಾಡ್ದಂಗೆ ಮೂರು ಮಂದಿಗೆ ಹಂಚಿದ್ರೆ ಜಗಳವೇ ಮುಗಿದುಹೋಗತ್ತೆ, ಹೇಳೋಕೆ ಏನೂ ಉಳಿಯಲ್ಲ. ಅದರ ಬದಲು ಸಣ್ಣವರಿದ್ದಾಗ ಹಿಂದೀಲಿ ನೋಡ್ತಿದ್ದ ಡೊರೆಮಾನ್ ಎಪಿಸೋಡ್‌ಗಳ ಆಕಾರ ನೆನಪು ಮಾಡ್ಕೊಳ್ಳಿ: ನೊಬಿತ ಅಳ್ತಾನೆ, ಡೊರೆಮಾನ್ ಜೇಬಿಂದ ಗ್ಯಾಜೆಟ್ ಬರತ್ತೆ, ಬೇಕಾಗಿದ್ದು ಆ ಕ್ಷಣಕ್ಕೇ ಸಿಗತ್ತೆ, ಅತಿ ಮಾಡ್ತಾನೆ, ಕೊನೆಗೆ ಒದೆ ತಿಂತಾನೆ, ಮುಂದಿನ ಎಪಿಸೋಡಲ್ಲಿ ಮತ್ತೆ ಅದೇ. ಫ್ರಾಯ್ಡ್ 1911ರಲ್ಲಿ ಸುಖದ ತತ್ವ (ಬೇಕಾಗಿದ್ದು ಈಗಲೇ ಬೇಕು), ವಾಸ್ತವದ ತತ್ವ (ಪರಿಸ್ಥಿತಿ ನೋಡಿ ಕಾಯೋದು) ಅಂತ ಎರಡು ಹೇಳಿದ್ರಲ್ಲ, ಆ ಎರಡೂ ಕುಸ್ತಿ ಆಡೋದು ಈ ಆಕಾರದಲ್ಲಿ ಕಾಣತ್ತೆ. ಲೇಬಲ್‌ಗಿಂತ ಆಕಾರ ನೋಡಿ.

ಕೆಲಸ ಶುರು ಮಾಡೋದು ಹೀಗೆ. ಒಂದೇ ಪಾತ್ರ ಹಿಡ್ಕೊಳ್ಳಿ, ಅದ್ರಲ್ಲೂ ಮೂರ್ನಾಲ್ಕು ಸೀನ್ ಸಾಕು. ಮೊದಲನೇ ಸಲ ಸುಮ್ನೆ ನೋಡಿ, ಖುಷಿಗೆ. ಎರಡನೇ ಸಲ ನೋಡೋವಾಗ ನೋಟ್‌ಬುಕ್ ಹತ್ರ ಇಟ್ಕೊಳ್ಳಿ, ಎಪಿಸೋಡ್ ನಂಬರ್ ಮತ್ತು ನಿಮಿಷ ಬರ್ಕೊಳ್ಳಿ (ಇಲ್ಲಾಂದ್ರೆ ಆಮೇಲೆ "ಎಲ್ಲೋ ಇತ್ತಪ್ಪ" ಅನ್ನೋ ಪರಿಸ್ಥಿತಿ ಬರತ್ತೆ), ಫ್ರಾಯ್ಡ್ ಹೆಸರು ಮಾತ್ರ ಆ ಪುಟದಲ್ಲಿ ಬರ್ಬಾರ್ದು. ಬರೀಬೇಕಾಗಿರೋದು ಏನಂದ್ರೆ ಪಾತ್ರ ಮತ್ತೆ ಮತ್ತೆ ಮಾಡೋದು, ಅಳತೆ ಮೀರಿ ಮಾಡೋದು, ಕೇಳಿದ್ರೂ ಹೇಳದೆ ಉಳಿಸ್ಕೊಳೋದು, ಮತ್ತೆ ಯಾವುದು ಮೊದಲು ಆಯ್ತು ಯಾವುದು ಆಮೇಲೆ ಅನ್ನೋದು. ಒಂದು ಸೀನನ್ನಾದ್ರೂ ಮ್ಯೂಟ್ ಮಾಡಿ ನೋಡಿ, ಡೈಲಾಗ್ ಇಲ್ದಿದ್ರೆ ಕೈ ಏನ್ ಮಾಡ್ತಿದೆ ಅಂತ ಕಾಣತ್ತೆ. ಫ್ರಾಯ್ಡ್ ಹತ್ರ ಬರ್ತಿದ್ದೋರು ಮಂಚದ ಮೇಲೆ ಮಲಗಿ ಮನಸ್ಸಿಗೆ ಬಂದಿದ್ದೆಲ್ಲ ಹೇಳ್ತಿದ್ರು, ಒಂದು ಮಾತಿಂದ ಇನ್ನೊಂದಕ್ಕೆ ಎಲ್ಲಿ ಜಿಗಿದ್ರು ಅನ್ನೋದನ್ನ ಅವ್ರು ಗಮನಿಸ್ತಿದ್ರು. ನಮ್ಮ ಪಾತ್ರ ಮಲಗೋದೂ ಇಲ್ಲ, ನಾವು ಕೇಳಿದ್ರೆ ಹೇಳೋದೂ ಇಲ್ಲ. ಅದರ ಬದಲಿಗೆ ನಮಗೆ ಸಿಗೋದು ಕಟ್, ಯಾವ ಶಾಟ್ ಆದ್ಮೇಲೆ ಯಾವ ಶಾಟ್ ಬಂತು ಅನ್ನೋದು. ನಾನು ಇದನ್ನ ಬಹಳ ನೆಚ್ಕೋತೀನಿ.

ಬಾಯಿ ತಪ್ಪಿ ಬಂದ ಮಾತಿನ ಮೇಲೆ ಮಾತ್ರ ಸಬ್‌ಟೈಟಲ್ ನಂಬಿ ಅರ್ಥ ಕಟ್ಟೋಕೆ ಹೋಗ್ಬೇಡಿ. 2016ರ ಯುವರ್ ನೇಮ್ ಸಿನಿಮಾದಲ್ಲಿ ಹುಡುಗನ ಮೈಯೊಳಗೆ ಸಿಕ್ಕಿಬಿದ್ದ ಮಿತ್ಸುಹಾ ಅವನ ಗೆಳೆಯರ ಎದುರು 'ನಾನು' ಅನ್ನೋಕೆ ವಾತಾಶಿ, ವಾತಾಕುಶಿ, ಬೊಕು ಅಂತೆಲ್ಲ ತಡವರಿಸಿ ಕೊನೆಗೆ ಹುಡುಗರು ಬಳಸೋ 'ಓರೆ' ಅನ್ನೋ ಪದಕ್ಕೆ ಬಂದು ನಿಲ್ತಾಳೆ, ಜಪಾನೀಸಲ್ಲಿ ಅದು ಇಡೀ ಸೀನು, ನಮ್ಮ ಕೈಗೆ ಬರೋದು ಬರೀ 'ನಾನು, ನಾನು'.

ಯಾವುದು ಮೊದಲು ಅನ್ನೋದಕ್ಕೆ ಡೆತ್ ನೋಟ್‌ನ ಮೊದಲ ಎಪಿಸೋಡಷ್ಟು ಒಳ್ಳೆ ಉದಾಹರಣೆ ನಂಗಿನ್ನೂ ಸಿಕ್ಕಿಲ್ಲ. ಯಾರ ಹೆಸರು ಬರೆದ್ರೂ ಅವರು ಸಾಯೋ ಒಂದು ನೋಟ್‌ಬುಕ್ ಲೈಟ್ ಅನ್ನೋ ಹುಡುಗನಿಗೆ ಸಿಗತ್ತೆ, ನಿಜವಾ ಸುಳ್ಳಾ ಅಂತ ಪರೀಕ್ಷೆ ಮಾಡೋಕೆ ಹೆಸರು ಬರೀತಾನೆ, ಒಬ್ಬ ಸಾಯ್ತಾನೆ, ಇನ್ನೊಬ್ಬನದ್ದು ಬರೀತಾನೆ, ಅವನೂ ಸಾಯ್ತಾನೆ. ಆಮೇಲೆ ನಡುಗ್ತಾನೆ. ಆ ನಡುಕ ಆದ್ಮೇಲೆ, ಗಮನಿಸಿ, ಆದ್ಮೇಲೆ, ಈ ಪ್ರಪಂಚ ಕೊಳೆತಿದೆ, ಇದನ್ನ ಯಾರಾದ್ರೂ ಮಾಡ್ಲೇಬೇಕು, ಅದು ನನ್ನ ಕೈಲಿ ಮಾತ್ರ ಆಗತ್ತೆ ಅನ್ನೋ ಮಾತು ಬರತ್ತೆ. ನಾವೆಲ್ಲ ಲೈಟ್ ನ್ಯಾಯಕ್ಕೋಸ್ಕರ ಕೊಲ್ತಾನೆ ಅಂತ ನೆನಪಿಟ್ಕೊಂಡಿರ್ತೀವಿ, ಎಪಿಸೋಡಲ್ಲಿ ಇರೋದು ಉಲ್ಟಾ, ಕೊಂದಿದ್ದಕ್ಕೆ ಆಮೇಲೆ ನ್ಯಾಯ ಹುಡುಕಿದ್ದು. ಇದಕ್ಕೆ ರ್‍ಯಾಷನಲೈಸೇಷನ್ ಅಂತಾರೆ, ಈ ಪದವನ್ನ ತಂದಿದ್ದು ಫ್ರಾಯ್ಡ್ ಶಿಷ್ಯ ಅರ್ನೆಸ್ಟ್ ಜೋನ್ಸ್, 1908ರಲ್ಲಿ. ಲೈಟ್‌ನ ಅಪ್ಪ ಪೊಲೀಸ್ ಅನ್ನೋದನ್ನ ಇದ್ರ ಪಕ್ಕಕ್ಕಿಡಿ, ನ್ಯಾಯ ಅನ್ನೋ ಭಾಷೆನೇ ಅವನಿಗೆ ಯಾಕೆ ಬಾಯಿಗೆ ಬಂತು ಅನ್ನೋದಕ್ಕೆ ದಾರಿ ಸಿಗತ್ತೆ. ಅಷ್ಟಕ್ಕೇ ನಿಲ್ಲಿಸಿ. ಅಲ್ಲಿಂದ ಈಡಿಪಸ್‌ಗೆ ಹಾರೋಕೆ ನಂಗಂತೂ ಪದದಲ್ಲಿ ಆಧಾರ ಸಿಕ್ಕಿಲ್ಲ.

ಇನ್ನು ಡಿಫೆನ್ಸ್ ಮೆಕ್ಯಾನಿಸಂಗಳು, ಅಂದ್ರೆ ಸಹಿಸೋಕಾಗದ್ದರಿಂದ ತಪ್ಪಿಸ್ಕೊಳೋಕೆ ಮನಸ್ಸು ಹೂಡೋ ಉಪಾಯಗಳು. ಇವನ್ನ ಸಾಲಾಗಿ ಜೋಡಿಸಿ ಬರೆದಿದ್ದು ಮಗಳು ಆನಾ ಫ್ರಾಯ್ಡ್, 1936ರಲ್ಲಿ, ಮತ್ತು ಅನಿಮೆ ನೋಡೋರಿಗೆ ಅಪ್ಪನಿಗಿಂತ ಮಗಳೇ ಜಾಸ್ತಿ ಉಪಯೋಗಕ್ಕೆ ಬರ್ತಾಳೆ ಅಂತ ನನ್ನ ಅಭಿಪ್ರಾಯ. ಇಷ್ಟಾನ ಬೈಗುಳದಲ್ಲಿ ತೋರ್ಸೋ ತ್ಸುಂದೆರೆ ಪಾತ್ರಗಳಿಗೆ ರಿಯಾಕ್ಷನ್ ಫಾರ್ಮೇಷನ್ (ಒಳಗಿರೋದಕ್ಕೆ ಉಲ್ಟಾ ನಡ್ಕೊಳೋದು) ಅಂತ ಎಲ್ರೂ ಹೇಳ್ತಾರೆ, ಹೇಳಿ, ಆದ್ರೆ ಬೈಗುಳ ಸಂದರ್ಭಕ್ಕಿಂತ ಜಾಸ್ತಿ ಇದೆಯಾ ನೋಡ್ಕೊಂಡು ಹೇಳಿ, ಕೆಲವು ಸಲ ಹುಡುಗ ಬೈಸ್ಕೊಳೋ ಕೆಲಸಾನೇ ಮಾಡಿರ್ತಾನೆ. ಪ್ರೊಜೆಕ್ಷನ್‌ಗೆ, ಅಂದ್ರೆ ತನ್ನೊಳಗಿನದನ್ನ ಹೊರಗಿನವರ ಮೇಲೆ ಹಾಕೋದಕ್ಕೆ, ಬ್ರದರ್‌ಹುಡ್‌ನಲ್ಲಿ ಫಾದರ್ ಅನ್ನೋ ವಿಲನ್ ಇದಾನಲ್ಲ, ತನ್ನೊಳಗಿನ ಏಳು ಪಾಪಗಳನ್ನ ಕಿತ್ತು ಹೊರಗೆ ಹಾಕಿ ಏಳು ಹೋಮಂಕುಲಸ್ (ಕೃತಕ ಮನುಷ್ಯರು) ಮಾಡಿ ತಾನು ಶುದ್ಧ ಆದೆ ಅನ್ಕೊಂಡೋನು. ಇದು ಎಲ್ರಿಗೂ ಕಾಣತ್ತೆ. ನೀವು ಬರೀಬೇಕಾಗಿದ್ದು ಅದರ ಮುಂದಿನದು: ಅವರಲ್ಲಿ ದುರಾಸೆಯಿಂದ ಹುಟ್ಟಿದ, ಮಾತು ಕೇಳದ ಗ್ರೀಡ್‌ನ ಕರಗಿಸಿ ಲೋಟಕ್ಕೆ ಹಾಕ್ಕೊಂಡು ಅವನೇ ಕುಡೀತಾನೆ. ಉಗುಳಿದ್ದನ್ನ ವಾಪಸ್ ಕುಡಿಯೋನಿಗೆ ದುರಾಸೆ ಹೋಗಿದೆ ಅಂತ ಹೇಗೆ ನಂಬೋದು?

ಈಗ ಅದೇ ಸೀರೀಸಿನ ಎಡ್ವರ್ಡ್‌ಗೆ ಬರೋಣ, ಇಲ್ಲಿ ಸ್ವಲ್ಪ ಹೊತ್ತು ಕೂರ್ಬೇಕು. ಅಮ್ಮ ಸತ್ತಳು, ಅಣ್ಣ ತಮ್ಮ ಇಬ್ರೂ ಸೇರಿ ಅವಳನ್ನ ವಾಪಸ್ ಮಾಡೋಕೆ ಹೊರಡ್ತಾರೆ. ನೀರು 35 ಲೀಟರ್, ಕಾರ್ಬನ್ 20 ಕೆಜಿ, ಅಮೋನಿಯಾ 4 ಲೀಟರ್, ಸುಣ್ಣ ಒಂದೂವರೆ ಕೆಜಿ, ಹಿಂಗೆ ಒಂದು ಮೈ ಮಾಡೋಕೆ ಬೇಕಾದ ಸಾಮಾನಿಗೆ ದಿನಸಿ ಚೀಟಿ ಥರ ಒಂದು ಪಟ್ಟಿ. ಕೆಲಸ ಕೆಡತ್ತೆ, ಎಡ್‌ನ ಕಾಲು, ಆಮೇಲೆ ಕೈ, ತಮ್ಮನ ಇಡೀ ಮೈ ಹೋಗತ್ತೆ. ಮನೆ ಸುಟ್ಟು ಊರು ಬಿಡ್ತಾರೆ, ಎಡ್ ಆ ತಾರೀಖನ್ನ ಗಡಿಯಾರದ ಮುಚ್ಚಳದ ಒಳಗೆ ಮರೀಬೇಡ ಅಂತ ಕೆತ್ತಿ, ಯಾರೂ ತೆಗೀಬಾರ್ದು ಅಂತ ಮುಚ್ಚಳ ಬಿಗಿದಿರ್ತಾನೆ. ಇಲ್ಲಿ ಒಂದು ನಿಮಿಷ ನಿಲ್ಲಿ. ಮರೀಬಾರ್ದು ಅಂತ ಬರ್ಕೊಂಡೋನು ಅದನ್ನ ಯಾರಿಗೂ ಕಾಣದ ಹಾಗೆ ಯಾಕೆ ಮುಚ್ತಾನೆ?

1917ರಲ್ಲಿ ಫ್ರಾಯ್ಡ್ ಶೋಕ ಮತ್ತು ವಿಷಾದದ ಬಗ್ಗೆ ಒಂದು ಲೇಖನ ಬರೆದ್ರು. ಶೋಕ ಅಂದ್ರೆ ಹೋದೋರು ಹೋದ್ರು ಅನ್ನೋದನ್ನ ಮನಸ್ಸು ಒಂದೊಂದೇ ನೆನಪು ಹಿಡಿದು, ಇದಿಲ್ಲ, ಇದೂ ಇಲ್ಲ ಅಂತ ನಿಧಾನಕ್ಕೆ ಪರೀಕ್ಷೆ ಮಾಡಿ ಒಪ್ಕೊಳೋ ಕೆಲಸ. ವಿಷಾದದಲ್ಲಿ ಆ ಕೆಲಸ ನಡೆಯಲ್ಲ, ಹೋದೋರು ನಮ್ಮೊಳಗೇ ಉಳಿದು, ಅವ್ರ ಮೇಲಿನ ಸಿಟ್ಟು ತಿರುಗಿ ನಮ್ಮ ಮೇಲೇ ಬಂದು, ತಪ್ಪೆಲ್ಲ ನಂದೇ ಅನ್ನೋ ಬೈಗುಳ ಆಗತ್ತೆ. ಎಡ್ ಇರೋದು ಆ ಎರಡನೇದ್ರಲ್ಲಿ, ಗಡಿಯಾರ ಅವನ ಜೇಬಲ್ಲಿರೋ ಬೈಗುಳ. ಇಷ್ಟನ್ನ ಯಾರಾದ್ರೂ ಹೇಳ್ತಾರೆ ಬಿಡಿ. ಆದ್ರೆ 20ನೇ ಎಪಿಸೋಡಲ್ಲಿ ಅವನು ಊರಿಗೆ ವಾಪಸ್ ಬಂದು, ಮಳೇಲಿ, ಅವತ್ತು ತಾವು ಹುಟ್ಟಿಸಿದ್ದ ಆ ಆಕೃತಿಯನ್ನ ಹೂತಿದ್ದ ಜಾಗ ಅಗೀತಾನೆ, ಪಿನಾಕೊ ಅಜ್ಜಿ ಜೊತೆಗಿರ್ತಾಳೆ. ವಾಂತಿ ಮಾಡ್ಕೋತಾ ಅಗೀತಾನೆ. ಕೂದಲು ತೊಳೆದು ನೋಡಿದ್ರೆ ಕಪ್ಪು, ಅಮ್ಮಂದು ಕಪ್ಪಿರ್ಲಿಲ್ಲ. ಮೂಳೆ ಉದ್ದ ನೋಡಿದ್ರೆ ಅಮ್ಮನ ಅಳತೆಗೆ ಹೊಂದಲ್ಲ. ಅದು ಅಮ್ಮ ಆಗಿರ್ಲೇ ಇಲ್ಲ, ಅಂದ್ರೆ ಅಮ್ಮನ್ನ ಎರಡನೇ ಸಲ ಸಾಯಿಸಿದೋನು ತಾನಲ್ಲ, ಸತ್ತೋಳು ಯಾವತ್ತೂ ವಾಪಸ್ ಬರ್ತಿರ್ಲಿಲ್ಲ. ಆಗ ನಗ್ತಾನೆ! ಫ್ರಾಯ್ಡ್ ಹೇಳಿದ ಆ ಪರೀಕ್ಷೆ ಇಲ್ಲಿ ಮಾತಲ್ಲಿ ಇಲ್ಲ, ಕೈಲಿದೆ, ಗುದ್ದಲಿಯಲ್ಲಿದೆ. ಮೊದಲ ಪಟ್ಟೀಲಿ ಲೀಟರ್ ಕೆಜಿ ಲೆಕ್ಕ ಹಾಕಿ ಸಾವನ್ನ ಒಪ್ಪಲ್ಲ ಅಂದ ಹುಡುಗ ಈಗ ಅದೇ ಅಳತೆಯಿಂದ ಸಾವನ್ನ ಒಪ್ಕೋತಾನೆ. ಈ ಎರಡು ಸೀನನ್ನ ಅಕ್ಕಪಕ್ಕ ಇಟ್ಟಾಗ ಮಾತ್ರ ನಂಗೆ 1917ರ ಆ ಲೇಖನ ಅರ್ಥ ಆಯ್ತು, ಲೇಖನದಿಂದ ಸೀನ್ ಅರ್ಥ ಆಗಿದ್ದಕ್ಕಿಂತ ಜಾಸ್ತಿ.

ಶಿಂಜಿ ಏನಾದ ಅಂದ್ರೆ, ಹೊಸಬ್ರು ಅವನಿಂದ ಶುರು ಮಾಡ್ಲೇಬೇಡಿ. 1995ರಲ್ಲಿ ಬಂದ ಇವ್ಯಾಂಜೆಲಿಯನ್‌ಗೆ ಫ್ರಾಯ್ಡ್ ಮೊದಲೇ ಗೊತ್ತು. 20ನೇ ಎಪಿಸೋಡಿನ ಇಂಗ್ಲಿಷ್ ಹೆಸರಲ್ಲೇ ಓರಲ್ ಸ್ಟೇಜ್ ಅಂತ ಇದೆ, 19ರದ್ದು ಇಂಟ್ರೊಜೆಕ್ಷನ್, 16ರದ್ದು ಮನೋವಿಶ್ಲೇಷಕಿ ಮೆಲನಿ ಕ್ಲೈನ್ ಕಡೆಯ ಮಾತು, ರೋಬೋಗೆ ಕರೆಂಟ್ ಕೊಡೋ ವೈರಿನ ಹೆಸರು ಅಂಬಿಲಿಕಲ್ ಕೇಬಲ್, ಹೊಕ್ಕುಳ ಬಳ್ಳಿ ಅಂತಲೇ, ಒಳಗೆ ಅಮ್ಮ ಬೇರೆ ಇದಾಳೆ. ಅಲ್ಲಿ ತಾಯಿಗರ್ಭ ಕಂಡುಹಿಡಿದೆ ಅನ್ನೋದು ಬಡಿಸಿಟ್ಟ ಎಲೇಲಿ ಅನ್ನ ಕಂಡುಹಿಡಿದ ಹಾಗೆ. ನನ್ನ ಹತ್ತು ಸ್ಲೈಡ್‌ನ ಹಣೆಬರಹ ಅದೇ ಆಗಿತ್ತು. ಕೃತಿ ತಾನೇ ಕೈಗೆ ಕೊಟ್ಟಿದ್ದನ್ನ ಬಿಟ್ಟು ಸಣ್ಣದನ್ನ ನೋಡಿ: ಅವನ ಹಾಡಿನ ಟೇಪ್ ಪ್ಲೇಯರ್ ಟಿವಿ ಸೀರೀಸಲ್ಲಿ 25 ಮತ್ತು 26ನೇ ಹಾಡನ್ನೇ ಸುತ್ತಿ ಸುತ್ತಿ ಹಾಡತ್ತೆ, ಅವನೂ ಓಡಿಹೋಗ್ತಾನೆ, ವಾಪಸ್ ಬರ್ತಾನೆ, ಓಡಿಹೋಗ್ತಾನೆ. ಫ್ರಾಯ್ಡ್ 1920ರಲ್ಲಿ ತಮ್ಮ ಒಂದೂವರೆ ವರ್ಷದ ಮೊಮ್ಮಗನ ಆಟದ ಬಗ್ಗೆ ಬರೆದಿದಾರೆ, ಅಮ್ಮ ಹೊರಗೆ ಹೋದಾಗ ಮಗು ದಾರ ಕಟ್ಟಿದ ಮರದ ಉರುಳೆಯನ್ನ ಮಂಚದಾಚೆ ಎಸೆದು 'ಹೋಯ್ತು' ಅನ್ನೋದು, ಎಳ್ಕೊಂಡು 'ಬಂತು' ಅನ್ನೋದು. ಶಿಂಜಿ ಆ ಉರುಳೆಯಾ, ದಾರ ಹಿಡಿದ ಮಗುವಾ? ಇದರ ಮೇಲೆ ಬರೀರಿ, ನಾನು ಓದ್ತೀನಿ.

ಈಡಿಪಸ್ ಬಳಸೋಕೆ ಮುಂಚೆ ಇನ್ನೊಂದು ವಿಷಯ. ಎಲ್ಲಾ ಊರಿನ ಅಪ್ಪ ಅಮ್ಮ ವಿಯೆನ್ನಾದೋರ ಥರ ಇರಲ್ಲ ಅನ್ನೋದನ್ನ ಫ್ರಾಯ್ಡ್ ಬದುಕಿದ್ದಾಗಲೇ ಜನ ಹೇಳಿದ್ರು. ಕಲ್ಕತ್ತಾದಲ್ಲಿ 1922ರಲ್ಲೇ ಮನೋವಿಶ್ಲೇಷಣೆಯ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸ್ ಪತ್ರ ಬರೆದು ವಾದ ಮಾಡ್ತಿದ್ರು. ಜಪಾನಿನ ಮನೋವಿಶ್ಲೇಷಕ ಹೇಸಾಕು ಕೊಸಾವ 1932ರಲ್ಲಿ ವಿಯೆನ್ನಾಕ್ಕೇ ಹೋಗಿ ಅಜಸೆ ಕಾಂಪ್ಲೆಕ್ಸ್ ಅನ್ನೋದನ್ನ ಮುಂದಿಟ್ರು. ಅಜಸೆ ಅಂದ್ರೆ ಯಾರು ಅನ್ಕೊಂಡ್ರಿ, ನಮ್ಮ ಮಗಧದ ಅಜಾತಶತ್ರು! ಬೌದ್ಧ ಕಥೇಲಿ ಬರೋ ಹಾಗೆ, ಈ ಮಗ ಮುಂದೆ ಅಪ್ಪನ್ನ ಕೊಲ್ತಾನೆ ಅಂತ ಭವಿಷ್ಯ ಕೇಳಿ ಹೆದರಿದ ರಾಣಿ ಮಗು ಸಾಯ್ಲಿ ಅಂತಲೇ ಎತ್ತರದಿಂದ ಬೀಳೋ ಹಾಗೆ ಹೆರ್ತಾಳೆ, ಮಗು ಬದುಕತ್ತೆ, ದೊಡ್ಡೋನಾಗಿ ವಿಷಯ ಗೊತ್ತಾದಾಗ ಅಮ್ಮನ ಮೇಲೆ ಕತ್ತಿ ಎತ್ತೋವರೆಗೆ ಹೋಗ್ತಾನೆ, ಆಮೇಲೆ ಮೈಯೆಲ್ಲ ಹುಣ್ಣಾಗಿ ಬಿದ್ದಾಗ ಅವನ ಸೇವೆ ಮಾಡೋಳು ಅದೇ ಅಮ್ಮ. ಈಡಿಪಸ್‌ನಲ್ಲಿ ಅಪ್ಪನ ಭಯ ದೊಡ್ಡದು, ಇಲ್ಲಿ ಪ್ರಶ್ನೆನೇ ಬೇರೆ, ಅಮ್ಮನಿಗೆ ನಾನು ಬೇಕಿದ್ನಾ ಇಲ್ವಾ.

ಈ ಪ್ರಶ್ನೆ ಹಿಡ್ಕೊಂಡು ನರುಟೊದಲ್ಲಿ ಬರೋ ನಿಂಜಾ ಹುಡುಗ ಗಾರಾ ಹತ್ರ ಹೋಗಿ. ಹುಟ್ಟೋಕೆ ಮುಂಚೆನೇ ಅಪ್ಪ ಅವನೊಳಗೆ ಶುಕಾಕು ಅನ್ನೋ ದೈತ್ಯನ್ನ ಬಂಧಿಸಿರ್ತಾನೆ, ಅಮ್ಮ ಹೆರಿಗೇಲಿ ಸಾಯ್ತಾಳೆ. ಯಾರು ಹೊಡೆಯೋಕೆ ಬಂದ್ರೂ ಮರಳು ತಾನಾಗೇ ಎದ್ದು ಅವನನ್ನ ಕಾಯತ್ತೆ. ಆರು ವರ್ಷದವನಿದ್ದಾಗ ಅಪ್ಪನ ಆಜ್ಞೆ ಮೇಲೆ ಅವನನ್ನ ಕೊಲ್ಲೋಕೆ ಬಂದ ಸೋದರಮಾವ ಯಶಮಾರು ಸಾಯೋವಾಗ, ನಿನ್ನಮ್ಮ ನಿನ್ನನ್ನ ಯಾವತ್ತೂ ಪ್ರೀತಿಸ್ಲಿಲ್ಲ ಅಂತ ಹೇಳಿ ಹೋಗ್ತಾನೆ, ಆಗಲೇ ಹಣೆ ಮೇಲೆ 'ಪ್ರೀತಿ' ಅನ್ನೋ ಅಕ್ಷರ ಮೂಡೋದು. ಆಮೇಲೆ ಸಾಸುಕೆ ಜೊತೆಗಿನ ಫೈಟಲ್ಲಿ ಗಾರಾ ತಲೆ ಹಿಡ್ಕೊಂಡು ಅಮ್ಮನ ಜೊತೆ ಮಾತಾಡ್ತಾನೆ, ಈ ಸಲ ಒಳ್ಳೆ ರಕ್ತ ಕುಡಿಸ್ತೀನಿ ಅನ್ನೋ ಥರ, ಬರೀ ಹುಚ್ಚು ಅಂತ ನಾವು ದಾಟಿ ಹೋಗೋ ಸೀನದು. ಅವನ ಅಮ್ಮ ಎರಡಾಗಿ ಸೀಳಿಹೋಗಿದಾಳೆ, ಕಾಯೋಳು ಮರಳು, ರಕ್ತ ಕೇಳೋಳು ಒಳಗಿರೋ ದೈತ್ಯ, ಎರಡಕ್ಕೂ ಅವನು ಅಮ್ಮ ಅಂತಾನೆ. ಆ ಮರಳು ದಾಟಿ ಪೆಟ್ಟು ಬಿದ್ದು ತನ್ನ ರಕ್ತ ತಾನು ನೋಡಿದಾಗ ಅಷ್ಟು ಜೋರಾಗಿ ಕಿರುಚೋದು ನೋವಿಗೆ ಅಂತ ನಂಗನ್ಸಲ್ಲ, ಕಾಯೋ ಅಮ್ಮ ಕೈಬಿಟ್ಟಳು ಅನ್ನೋದಕ್ಕೆ. ಎಷ್ಟೋ ನೂರು ಎಪಿಸೋಡ್ ಆದ್ಮೇಲೆ ಯುದ್ಧದಲ್ಲಿ, ಸತ್ತು ವಾಪಸ್ ಎಬ್ಬಿಸಿದ ಅಪ್ಪನೇ ಎದುರು ಬಂದು, ಆ ಮರಳಲ್ಲಿರೋದು ನಿನ್ನಮ್ಮನ ಪ್ರೀತಿ, ಯಶಮಾರು ಹೇಳಿದ್ದು ಸುಳ್ಳು, ಹೇಳಿಸಿದ್ದು ನಾನೇ ಅಂತ ಒಪ್ಕೋತಾನೆ, ಗಾರಾ ಅಳ್ತಾನೆ.

ಬರೆದು ಮುಗಿಸಿದ್ಮೇಲೆ ಯಾರಾದ್ರೂ ಒಬ್ರನ್ನ ಎದುರು ಕೂರಿಸ್ಕೊಳ್ಳಿ, ತಾಳಮದ್ದಳೇಲಿ ಇರೋ ಹಾಗೆ, ನಿಮ್ಮ ಅರ್ಥ ಕೆಡವೋದೇ ಅವ್ರ ಕೆಲಸ. ಎರಡು ವಿಷಯಕ್ಕೆ ಮಾತ್ರ ಅವಕಾಶ ಕೊಡ್ಬೇಡಿ. ಪಾತ್ರಕ್ಕೆ ಖಾಯಿಲೆ ಹೆಸರಿಡೋದು ಒಂದು, ನಾವು ಡಾಕ್ಟರಲ್ಲ, ಅವನು ಪೇಷಂಟಲ್ಲ, ಫ್ರೇಮಿನ ಆಚೆ ಅವನಿಗೆ ಬಾಲ್ಯವೇ ಇಲ್ಲ. ಪಾತ್ರ ಬಿಟ್ಟು ಅದನ್ನ ಬರೆದವ್ರ ಮನೆ ಕಥೆಗೆ ಕೈ ಹಾಕೋದು ಇನ್ನೊಂದು. ಮತ್ತೆ ಯಾವ ಸೀನ್ ತೋರಿಸಿದ್ರೂ "ಅದೂ ನನ್ನ ಥಿಯರಿಗೇ ಪುರಾವೆ" ಅನ್ನೋಕೆ ಶುರು ಮಾಡಿದ್ರೆ ತತ್ವಜ್ಞಾನಿ ಕಾರ್ಲ್ ಪಾಪ್ಪರ್ ಫ್ರಾಯ್ಡ್‌ನ ಬೈದಿದ್ದು ಅದಕ್ಕೇ ಅಂತ ನೆನಪಿರಲಿ, ನನ್ನ ಅರ್ಥ ತಪ್ಪು ಅಂತ ತೋರಿಸ್ಬೇಕಾದ್ರೆ ಯಾವ ಥರದ ಸೀನ್ ಬೇಕು ಅನ್ನೋದನ್ನ ನೀವೇ ಮೊದಲು ಬರೆದಿಟ್ಕೊಳ್ಳಿ.

ನಂಗೆ ಎದುರು ಕೂರೋಳು ಚಿಕ್ಕಪ್ಪನ ಮಗಳು, ಪಿಯುಸಿ, ನರುಟೊ ಪೂರ್ತಿ ಎರಡು ಸಲ ನೋಡಿದಾಳೆ. ಹೋದ ವಾರ ಜಗಲಿ ಮೇಲೆ ಕೂತು ಗಾರಾ ಬಗ್ಗೆ ಇಷ್ಟನ್ನೂ ಓದಿ ಹೇಳ್ದೆ. ಬಿಸಿ ಕಡುಬು ಮುರೀತಾ ಕೇಳಿಸ್ಕೊಂಡ್ಳು. "ಅಣ್ಣಾ, ಮೊದ್ಲು ಸುಳ್ಳು ಹೇಳಿಸಿದ್ದೇ ಆ ಅಪ್ಪ ಅಲ್ವಾ, ಈಗ ಅಮ್ಮ ಪ್ರೀತಿಸ್ತಿದ್ಳು ಅಂತ ಹೇಳ್ತಿರೋದೂ ಅವನೇ. ಎರಡನೇದು ನಿಜ ಅಂತ ಗಾರಾ ಯಾಕೆ ನಂಬ್ತಾನೆ?" ಅಂದ್ಳು. ಒಳಗಿಂದ ಅಜ್ಜ ಕೆಮ್ಮಿದ್ದು ಕೇಳಿಸ್ತು, ನಕ್ಕಿದ್ದೂ ಇರಬಹುದು. ಆ ಎಪಿಸೋಡ್ ಮತ್ತೆ ಡೌನ್‌ಲೋಡ್‌ಗೆ ಹಾಕಿದೀನಿ, ನೆಟ್‌ವರ್ಕ್ ಸಿಕ್ಕಿದಾಗ ಒಂದಿಷ್ಟು ಇಳಿಯತ್ತೆ, ಮಳೆ ಜೋರಾದ್ರೆ ನಿಲ್ಲತ್ತೆ.